ಹಂಟಿಂಗ್ಟನ್ ಕಾಯಿಲೆ: ನಮ್ಮ ಮನೆಗಳ ಲೆಕ್ಕ ಯಾವ ಪುಸ್ತಕದಲ್ಲಿದೆ?

ಮಾನ್ಯ ಸಂಪಾದಕರೇ,

ಮಿದುಳಿನ ನರಕೋಶಗಳನ್ನು ಮೆಲ್ಲಮೆಲ್ಲನೆ ಕೆಡಿಸುವ, ತಲೆಮಾರಿನಿಂದ ತಲೆಮಾರಿಗೆ ಹರಿಯುವ ಹಂಟಿಂಗ್ಟನ್ ಕಾಯಿಲೆಯ ಬಗ್ಗೆ 2025ರ ಸೆಪ್ಟೆಂಬರಿನಲ್ಲಿ ಬಂದ ಸುದ್ದಿಯನ್ನು ತಮ್ಮ ಓದುಗರಲ್ಲಿ ಕೆಲವರಾದರೂ ಗಮನಿಸಿರಬಹುದು. ಶಸ್ತ್ರಚಿಕಿತ್ಸೆಯ ಮೂಲಕ ಮಿದುಳಿನ ಒಳಭಾಗಕ್ಕೆ ಒಂದೇ ಬಾರಿ ಕೊಡುವ ಎಎಂಟಿ-130 ಎಂಬ ವಂಶವಾಹಿ ಚಿಕಿತ್ಸೆಯನ್ನು ಹೆಚ್ಚಿನ ಪ್ರಮಾಣದಲ್ಲಿ ಪಡೆದವರಲ್ಲಿ, ಮೂರು ವರ್ಷಗಳ ಕೊನೆಗೆ, ಕಾಯಿಲೆ ಉಲ್ಬಣಿಸುವ ವೇಗ ಶೇ 75ರಷ್ಟು ತಗ್ಗಿದೆ ಎಂದು ಯೂನಿಕ್ಯೂರ್ ಕಂಪನಿ ಪ್ರಕಟಿಸಿತು. ಆ ವೇಗವನ್ನು ತಗ್ಗಿಸುತ್ತದೆಂದು ಒಪ್ಪಿಗೆ ಪಡೆದ ಔಷಧ ಒಂದೂ ಇರದ ಕಾಯಿಲೆಯಲ್ಲಿ ಇದು ಸಣ್ಣ ಮಾತಲ್ಲ. ನನ್ನ ಗಮನ ಮಾತ್ರ ಆ ಸುದ್ದಿಯ ನಡುವೆ ಇದ್ದ ಒಂದು ವಾಕ್ಯದ ಮೇಲೆ ನಿಂತಿತು. ಮೂರು ವರ್ಷ ಪೂರೈಸಿದ ಆ ಗುಂಪಿನಲ್ಲಿ ಇದ್ದವರು ಹನ್ನೆರಡೇ ಮಂದಿ. ಅವರನ್ನು ಹೋಲಿಸಿದ್ದು ಎನ್‌ರೋಲ್-ಎಚ್‌ಡಿ ಎಂಬ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ವರ್ಷ ವರ್ಷವೂ ತಪಾಸಣೆಗೆ ಬಂದು ದಾಖಲಾಗಿದ್ದ, ಅವರಂಥದೇ ಹಂತದಲ್ಲಿದ್ದ ಇತರ ರೋಗಿಗಳ ಜತೆ. ಚಿಕಿತ್ಸೆ ಪಡೆಯದೆ, ಸುಮ್ಮನೆ ಬಂದು ಲೆಕ್ಕ ಕೊಟ್ಟು ಹೋದ ಆ ಮಂದಿ ಇರದಿದ್ದರೆ ಶೇ 75 ಎಂಬ ಅಂಕಿಯನ್ನು ಹೇಳಲು ಯಾರಿಗೂ ಸಾಧ್ಯವಿರಲಿಲ್ಲ. ಆ ಪುಸ್ತಕದಲ್ಲಿ ನಮ್ಮ ಕಡೆಯ ಮನೆಗಳು ಇಲ್ಲವಲ್ಲ ಎಂಬುದೇ ಈ ಪತ್ರಕ್ಕೆ ಕಾರಣ.

ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು. ಮೆಂಡಲನ ಬಟಾಣಿ ಗಿಡದ ಪಾಠವನ್ನು ಮೂವತ್ತು ವರ್ಷ ಮಾಡಿದ್ದೇನೆ. ಪ್ರಬಲ ಗುಣ ತಂದೆ ಅಥವಾ ತಾಯಿಯಲ್ಲಿ ಒಬ್ಬರಿಂದ ಬಂದರೂ ಸಾಕು, ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ ಎಂದು ಕಪ್ಪು ಹಲಗೆಯ ಮೇಲೆ ಚೌಕ ಎಳೆದು ತೋರಿಸಿದ್ದೇನೆ. ಅದೇ ಚೌಕ ನನ್ನ ಮಾವನ ಮನೆಯ ಜಗಲಿಯ ಮೇಲೆ ಇಷ್ಟು ವರ್ಷ ಕುಳಿತಿದ್ದದ್ದು ನನಗೆ ಕಾಣಲಿಲ್ಲ. ಪತ್ನಿಯ ಅಣ್ಣನಿಗೆ ನಲವತ್ತೊಂದು ದಾಟಿದ ಮೇಲೆ ಕೈಬೆರಳು ತಾವಾಗಿಯೇ ಆಡತೊಡಗಿದವು. ಕಾಫಿಯ ಸ್ಟೀಲ್ ಲೋಟ ತುಟಿಗೆ ಮುಟ್ಟುವ ಮೊದಲೇ ಅರ್ಧ ಖಾಲಿಯಾಗುತ್ತಿತ್ತು, ಪಂಚೆಯ ಮೇಲೆ ಸದಾ ಕಲೆ. ನಡಿಗೆ ತೂರಾಡುವಂತಾಯಿತು. ಒಮ್ಮೆ ಬಸ್ಸಿನಿಂದ ಅವರನ್ನು ಕುಡುಕನೆಂದು ಅರ್ಧದಾರಿಯಲ್ಲಿ ಇಳಿಸಿದರು. ಮೂರು ಮೈಲಿ ನಡೆದು ಮನೆಗೆ ಬಂದ ಭಾವ ಅದನ್ನು ಯಾರಿಗೂ ಹೇಳಲಿಲ್ಲ, ಹಿಂದಿನ ಸೀಟಿನಲ್ಲಿದ್ದ ಊರಿನ ಹುಡುಗನೊಬ್ಬ ಬಂದು ಹೇಳಿದ. ಅತ್ತೆಗೆ ಆಗ ನೆನಪಾದದ್ದು ತಮ್ಮ ಗಂಡ. ಅವರೂ ಕೊನೆಕೊನೆಗೆ ಹೀಗೆಯೇ ತೂರಾಡುತ್ತಿದ್ದರು, ಊರವರು ಕುಡಿದು ಸತ್ತರೆಂದರು, ಆದರೆ ಅವರು ಹನಿ ಹೆಂಡ ಮುಟ್ಟಿದವರಲ್ಲ.

ನರರೋಗ ತಜ್ಞರ ಮುಂದೆ ಕುಳಿತ ದಿನ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ನಾಲಗೆ ಹೊರಚಾಚಿ ಹತ್ತು ಸೆಕೆಂಡು ಹಾಗೆಯೇ ಹಿಡಿಯಿರಿ ಎಂದರು. ಭಾವ ಚಾಚಿದರು, ಮೂರು ಎಣಿಸುವಷ್ಟರಲ್ಲಿ ನಾಲಗೆ ತಾನೇ ಒಳಗೆ ಹೋಯಿತು. ಮತ್ತೆ ಚಾಚಿದರು, ಮತ್ತೆ ಹೋಯಿತು. ನಗಲೂ ಅಳಲೂ ಆಗದಂಥ ಆ ಪರೀಕ್ಷೆ ಲೋಕದ ಎಲ್ಲ ಹಂಟಿಂಗ್ಟನ್ ಕ್ಲಿನಿಕ್ಕುಗಳಲ್ಲೂ ಹೀಗೆಯೇ ನಡೆಯುತ್ತದೆ, ಅದಕ್ಕೆ ಅಂಕಗಳಿವೆ, ಆ ಅಂಕಗಳನ್ನು ವರ್ಷಕ್ಕೊಮ್ಮೆ ಬರೆದಿಡುತ್ತಾರೆ ಎಂದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ನಮ್ಮ ತಜ್ಞರು ಒಳ್ಳೆಯವರು, ವಂಶವೃಕ್ಷವನ್ನೂ ಬರೆದುಕೊಂಡರು, ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಕಾಯಿಲೆ ಇದ್ದವರಿಗೆ ಕಪ್ಪು ಬಣ್ಣ. ಆ ಹಾಳೆ ಆ ಆಸ್ಪತ್ರೆಯ ಫೈಲಿನಲ್ಲೇ ಉಳಿಯಿತು. ಎರಡು ವರ್ಷಗಳ ಅನಂತರ ಮಾವನ ತಮ್ಮನ ಮಗಳಿಗೆ ಬೇರೊಂದು ನಗರದ ಬೇರೊಂದು ಆಸ್ಪತ್ರೆಯಲ್ಲಿ ಇದೇ ಕಾಯಿಲೆ ಎಂದು ಗೊತ್ತಾಯಿತು. ಅಲ್ಲಿ ಮತ್ತೊಂದು ಹಾಳೆ, ಅದರಲ್ಲಿ ಮತ್ತೆ ಅದೇ ಅಜ್ಜ, ಅದೇ ಚೌಕ. ಒಂದು ಫೈಲಿಗೆ ಇನ್ನೊಂದರ ಸುಳಿವಿಲ್ಲ. ಎರಡನೆಯ ಆಸ್ಪತ್ರೆಯವರಿಗೆ ಮೊದಲಿನ ಫೈಲಿನ ವಿಷಯ ಹೇಳಿದಾಗ, ‘ಅಲ್ಲಿನ ದಾಖಲೆ ನಮಗೆ ಬರುವುದಿಲ್ಲ, ನೀವೇ ಜೆರಾಕ್ಸ್ ಮಾಡಿಸಿ ತನ್ನಿ’ ಎಂದರು.

ಒಬ್ಬ ವೈದ್ಯನ ಫೈಲಿನಲ್ಲಿ ಸಿಕ್ಕಿಕೊಂಡ ಕಾಯಿಲೆ ಎಂದೂ ಅರ್ಥವಾಗುವುದಿಲ್ಲ ಎಂಬುದನ್ನು ಹಂಟಿಂಗ್ಟನ್‌ನ ಚರಿತ್ರೆಯೇ ಹೇಳುತ್ತದೆ. 1872ರಲ್ಲಿ ಅದನ್ನು ವಿವರಿಸಿ ಬರೆದ ಜಾರ್ಜ್ ಹಂಟಿಂಗ್ಟನ್‌ಗೆ ಆಗ ಇಪ್ಪತ್ತೆರಡು ವರ್ಷ. ತಲೆಮಾರುಗಳ ಉದ್ದಕ್ಕೂ ಹರಿಯುವ ಕಾಯಿಲೆಯನ್ನು ಆ ಹುಡುಗ ಗುರುತಿಸಿದ್ದು ಹೇಗೆಂದರೆ, ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನ ಅದೇ ಕುಟುಂಬಗಳನ್ನು ಅವನ ತಂದೆ, ತಂದೆಯ ತಂದೆ ಇಬ್ಬರೂ ವೈದ್ಯರಾಗಿ ನೋಡಿಕೊಂಡಿದ್ದರು. ಅವರು ಕಂಡದ್ದು, ಬರೆದಿಟ್ಟದ್ದು ಅವನ ಕೈಗೆ ಬಂದಿತ್ತು. ಮೂರು ತಲೆಮಾರಿನ ರೋಗಿಗಳನ್ನು ಮೂರು ತಲೆಮಾರಿನ ವೈದ್ಯರು ನೋಡಿದ ಫಲ ಅದು.

ಇನ್ನೊಂದು ಅಧ್ಯಾಯ ವೆನಿಜುವೆಲಾದ್ದು. ಮರಕೈಬೊ ಸರೋವರದ ದಡದ ಬೆಸ್ತರ ಊರುಗಳಿಗೆ 1950ರ ದಶಕದಲ್ಲಿ ಬಂದ ಅಮೆರಿಕೊ ನೆಗ್ರೆಟ್ ಎಂಬ ಯುವ ವೈದ್ಯ ಬೀದಿಯಲ್ಲಿ ತೂರಾಡುವವರನ್ನು ಕಂಡು ಮೊದಲು ಕುಡುಕರೆಂದೇ ಎಣಿಸಿದ. (ಇದನ್ನು ಓದಿದಾಗ ನನಗೆ ಆ ಬಸ್ಸು ನೆನಪಾಯಿತು.) 1979ರಿಂದ ಅಮೆರಿಕದ ನ್ಯಾನ್ಸಿ ವೆಕ್ಸ್ಲರ್ ಮತ್ತು ಅವರ ಸಂಗಡಿಗರು ವೆನಿಜುವೆಲಾದ ವೈದ್ಯರ ಜತೆಗೂಡಿ ವರ್ಷ ವರ್ಷವೂ ಅಲ್ಲಿಗೆ ಹೋಗಿ, ಮನೆಮನೆಯ ವಂಶವೃಕ್ಷ ಬರೆದರು, ರಕ್ತದ ಮಾದರಿ ಸಂಗ್ರಹಿಸಿದರು. ಹತ್ತು ತಲೆಮಾರು, ಹದಿನೆಂಟು ಸಾವಿರಕ್ಕೂ ಹೆಚ್ಚು ಹೆಸರುಗಳು ಆ ವೃಕ್ಷದಲ್ಲಿವೆ. ವೆಕ್ಸ್ಲರ್ ಅವರ ತಾಯಿಯೂ ಇದೇ ಕಾಯಿಲೆಯಿಂದ ತೀರಿಕೊಂಡವರು. ತಮಗೂ ಕಾಯಿಲೆ ಬಂದಿದೆ ಎಂದು 2020ರಲ್ಲಿ ಅವರು ಬಹಿರಂಗವಾಗಿ ಹೇಳಿದರು. ಅವರು ತಂದ ರಕ್ತದ ನೆರವಿನಿಂದ 1983ರಲ್ಲಿ ಕಾಯಿಲೆಯ ಮೂಲ ನಾಲ್ಕನೆಯ ವರ್ಣತಂತುವಿನಲ್ಲಿದೆ ಎಂದು ತಿಳಿಯಿತು. ಅಲ್ಲಿಂದ ವಂಶವಾಹಿಯನ್ನು ಹಿಡಿಯಲು ಮತ್ತೆ ಹತ್ತು ವರ್ಷ ಬೇಕಾಯಿತು. 1993ರಲ್ಲಿ ಅದನ್ನು ಪ್ರಕಟಿಸಿದ ಪ್ರಬಂಧದ ಲೇಖಕರ ಜಾಗದಲ್ಲಿ ಯಾವ ವ್ಯಕ್ತಿಯ ಹೆಸರೂ ಮೊದಲು ಬರುವುದಿಲ್ಲ. ಅಲ್ಲಿರುವುದು ‘ಹಂಟಿಂಗ್ಟನ್ ಕಾಯಿಲೆಯ ಸಹಯೋಗ ಸಂಶೋಧನಾ ಗುಂಪು’ ಎಂಬ ಹೆಸರು, ಅದರೊಳಗೆ ಆರು ತಂಡಗಳ 58 ಮಂದಿ. ಮೊದಲ ಹೆಸರಿಗಾಗಿ ಜಗಳವಾಡುವುದು ವಿಜ್ಞಾನಿಗಳಲ್ಲೂ ಉಂಟು ಎಂದು ಬಲ್ಲವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಆ ವಂಶವಾಹಿಯಲ್ಲಿ ಸಿಎಜಿ ಎಂಬ ಮೂರಕ್ಷರದ ತುಣುಕು ಒಂದರ ಹಿಂದೊಂದು ಮರುಕಳಿಸುತ್ತದೆ. ಸಾಮಾನ್ಯರಲ್ಲಿ 26 ಅಥವಾ ಅದಕ್ಕಿಂತ ಕಡಿಮೆ ಬಾರಿ. 40 ಮುಟ್ಟಿದರೆ ಕಾಯಿಲೆ ಬಂದೇ ಬರುತ್ತದೆ. ಆದರೆ ಸಂಖ್ಯೆ ಒಂದೇ ಇದ್ದರೂ ಒಬ್ಬರಿಗೆ ಮೂವತ್ತೈದಕ್ಕೆ, ಇನ್ನೊಬ್ಬರಿಗೆ ಐವತ್ತಕ್ಕೆ ಕಾಯಿಲೆ ಶುರುವಾಗುವುದು ಏಕೆ ಎಂಬ ಪ್ರಶ್ನೆ ಉಳಿದಿತ್ತು. ಉತ್ತರ ಸಿಕ್ಕಿದ್ದು ಹಲವು ದೇಶಗಳ ದಾಖಲೆಗಳನ್ನು ಒಂದೆಡೆ ಹಾಕಿದಾಗ. 2015ರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು, 2019ರಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಡಿಎನ್‌ಎಯನ್ನು ಹೋಲಿಸಿ ನೋಡಿದ ವಿಜ್ಞಾನಿಗಳ ಒಕ್ಕೂಟ, ಡಿಎನ್‌ಎಯ ದೋಷಗಳನ್ನು ದುರಸ್ತಿ ಮಾಡುವ ಕೆಲವು ವಂಶವಾಹಿಗಳು ಕಾಯಿಲೆಯ ಆರಂಭವನ್ನು ಹಿಂದೆ ಮುಂದೆ ತಳ್ಳುತ್ತವೆ ಎಂದು ಕಂಡುಕೊಂಡಿತು. ಇಂದು ತಯಾರಾಗುತ್ತಿರುವ ಹಲವು ಔಷಧಗಳ ಗುರಿ ಅಲ್ಲಿಂದಲೇ ಬಂದದ್ದು. ಒಂದು ಆಸ್ಪತ್ರೆಯ ನಲವತ್ತು ಐವತ್ತು ರೋಗಿಗಳಿಂದ ಇಂಥ ಸೂಕ್ಷ್ಮ ಎಂದಿಗೂ ಹೊರಬೀಳುವುದಿಲ್ಲ.

ಹಲವು ದೇಶಗಳ ಆಸ್ಪತ್ರೆಗಳು ಹೀಗೆ ಕೂಡಿದ ಜಾಲವಿದ್ದರೆ ಸೋಲೂ ಬೇಗ ತಿಳಿಯುತ್ತದೆ ಎಂಬುದನ್ನು ಮರೆಯಬಾರದು. ಬಹಳ ಭರವಸೆ ಹುಟ್ಟಿಸಿದ್ದ ಟಾಮಿನರ್ಸನ್ ಎಂಬ ಔಷಧವನ್ನು 18 ದೇಶಗಳ 791 ಮಂದಿಗೆ ಸಂಬಂಧಿಸಿದ ಪ್ರಯೋಗದಲ್ಲಿ ಪರೀಕ್ಷಿಸಿ, ಲಾಭಕ್ಕಿಂತ ಅಪಾಯವೇ ಹೆಚ್ಚೆಂದು ಕಂಡಾಗ 2021ರ ಮಾರ್ಚಿನಲ್ಲಿ ನಿಲ್ಲಿಸಿದರು. ಆ ದಿನ ನಮ್ಮ ಮನೆಯಲ್ಲೂ ಒಲೆಯ ಮುಂದೆ ಮಾತಿಲ್ಲದೆ ಕುಳಿತಿದ್ದೆವು. ಎಎಂಟಿ-130ರ ವಿಷಯದಲ್ಲೂ, ಬೇರೆ ಅಧ್ಯಯನದ ರೋಗಿಗಳ ಜತೆ ಮಾಡಿದ ಹೋಲಿಕೆಯೊಂದೇ ಸಾಲದು ಎಂಬ ನಿಲುವನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ತಳೆದಿದೆಯೆಂದು 2025ರ ನವೆಂಬರಿನಲ್ಲಿ ಕಂಪನಿಯೇ ತಿಳಿಸಿತು. ಕುಟುಂಬದವನಾಗಿ ನನಗೆ ಅದು ಕಹಿಯೆನಿಸಿತು, ಪಾಠ ಮಾಡಿದವನಾಗಿ ಅದರಲ್ಲಿ ತಪ್ಪು ಕಾಣಲಿಲ್ಲ. ಹೋಲಿಸಲು ಇಟ್ಟ ಲೆಕ್ಕ ಎಷ್ಟು ಗಟ್ಟಿಯೋ ಫಲಿತಾಂಶವೂ ಅಷ್ಟೇ ಗಟ್ಟಿ.

ಈಗ ನಮ್ಮ ಕಡೆಗೆ ಬರೋಣ. ಲೋಕದ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ 2012ರ ಒಂದು ಸಮೀಕ್ಷೆಯ ಪ್ರಕಾರ ಯುರೋಪ್, ಉತ್ತರ ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಲಕ್ಷಕ್ಕೆ 5.7 ಮಂದಿಗೆ, ಏಷ್ಯಾದಲ್ಲಿ ಲಕ್ಷಕ್ಕೆ 0.4 ಮಂದಿಗೆ ಈ ಕಾಯಿಲೆ ಇದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಜನ 6.11 ಕೋಟಿ. ಏಷ್ಯಾದ ಲೆಕ್ಕ ಹಿಡಿದರೆ ನಮ್ಮಲ್ಲಿ ಸುಮಾರು 240 ರೋಗಿಗಳಿರಬೇಕು, ಯುರೋಪಿನ ಲೆಕ್ಕ ಹಿಡಿದರೆ ಸುಮಾರು 3,500. ಈ ಎರಡರ ನಡುವಿನ ಅಂತರ ನೋಡಿದರೆ ಯಾವ ಆರೋಗ್ಯ ಇಲಾಖೆಯೂ ಯೋಜನೆ ಮಾಡಲಾರದು. ಏಷ್ಯಾದಲ್ಲಿ ಯುರೋಪಿಗಿಂತ ಇದು ನಿಜವಾಗಿಯೂ ಕಡಿಮೆ ಎನ್ನಲು ವಂಶವಾಹಿಯ ಕಾರಣಗಳಿವೆ, ಒಪ್ಪುತ್ತೇನೆ. ಆದರೂ ‘ಕುಡಿದು ಸತ್ತ’, ‘ಮೈಮೇಲೆ ಬರುತ್ತಿತ್ತು’, ‘ತಲೆ ಕೆಟ್ಟಿತ್ತು’ ಎಂಬ ಮಾತುಗಳ ಅಡಿಯಲ್ಲಿ ನಮ್ಮ ಮಾವನಂಥವರು ಎಷ್ಟು ಮಂದಿ ಮಣ್ಣಾಗಿದ್ದಾರೋ ಅವರನ್ನು ಆ 0.4ರಲ್ಲಿ ಯಾರೂ ಎಣಿಸಿಲ್ಲ.

ಇದಕ್ಕೆ ಬೇಕಾದ ಸಾಮಗ್ರಿ ನಮ್ಮಲ್ಲಿ ಇಲ್ಲದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಕಾಯಿಲೆಯ ವಂಶವಾಹಿ ಪರೀಕ್ಷೆ, ಅದರ ಹಿಂದೆ ಮುಂದೆ ಆಪ್ತ ಸಮಾಲೋಚನೆ ಎರಡೂ ಹಲವು ವರ್ಷಗಳಿಂದ ನಡೆದಿವೆ. ಮಿದುಳಿನ ಅಂಗಾಂಶವನ್ನು ಸಂರಕ್ಷಿಸಿಡುವ ಭಂಡಾರವೊಂದು 1995ರಿಂದ ಅಲ್ಲಿದೆ. ತಾಮ್ರ ಮೈಯಲ್ಲಿ ಸೇರಿಕೊಂಡು ಯಕೃತ್ತನ್ನೂ ಮಿದುಳನ್ನೂ ಕೆಡಿಸುವ ವಿಲ್ಸನ್ ಕಾಯಿಲೆಯೂ ಆನುವಂಶಿಕ, ವಿರಳ. ಮೂರು ದಶಕಗಳಲ್ಲಿ ತಾವು ನೋಡಿದ 282 ವಿಲ್ಸನ್ ರೋಗಿಗಳ ವಿವರವನ್ನು ಅಲ್ಲಿನ ವೈದ್ಯರು 2007ರಲ್ಲಿ ಪ್ರಕಟಿಸಿದಾಗ ಹೊರದೇಶದವರೂ ಅದನ್ನು ಉಲ್ಲೇಖಿಸಿದರು. ಒಂದೇ ಸಂಸ್ಥೆ ತಾಳ್ಮೆಯಿಂದ ಬರೆದಿಟ್ಟರೆ ಇಷ್ಟಾಗುತ್ತದೆ. ಅಂತರರಾಷ್ಟ್ರೀಯ ಅಧ್ಯಯನಗಳಲ್ಲಿ ರೋಗಿಯ ಯೋಚನಾಶಕ್ತಿಯನ್ನು ಅಳೆಯಲು ಒಂದು ನಿಮಿಷದಲ್ಲಿ ಒಂದು ಅಕ್ಷರದಿಂದ ಶುರುವಾಗುವ ಪದಗಳನ್ನು ಹೇಳಿಸುತ್ತಾರೆ. ಅದನ್ನು ನಮ್ಮ ಭಾಷೆಯಲ್ಲಿ ಮಾಡುವುದು ಹೇಗೆಂದು ಯಾರಾದರೂ ಕೇಳಿದರೆ, ಕ, ಪ, ಮ ಅಕ್ಷರಗಳಿಂದ ಪದ ಹೇಳಿಸುವ ಪರೀಕ್ಷೆಯೂ ಅದರ ಅಳತೆಗೋಲೂ ನಿಮ್ಹಾನ್ಸ್‌ನ 2004ರ ಕೈಪಿಡಿಯಲ್ಲಿ ಸಿದ್ಧವಾಗಿಯೇ ಇವೆ. ಭಾವನಿಗೂ ಅದನ್ನು ಮಾಡಿಸಿದ್ದರು. ‘ಕ’ ಎಂದಾಗ ‘ಕಾಫಿ’ ಎಂದು, ಬಹಳ ಹೊತ್ತು ಸುಮ್ಮನಿದ್ದು, ಮತ್ತೆ ‘ಕಾಫಿ’ ಎಂದರು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ವಿರಳ ಆನುವಂಶಿಕ ಕಾಯಿಲೆಗಳ ರಾಷ್ಟ್ರೀಯ ನೋಂದಣಿಯನ್ನು ಆರಂಭಿಸಿತು. 2021ರಲ್ಲಿ ಕೇಂದ್ರ ಸರ್ಕಾರ ವಿರಳ ಕಾಯಿಲೆಗಳ ನೀತಿಯನ್ನು ತಂದಿತು. ಗುರುತಿಸಿದ ಕೇಂದ್ರಗಳಲ್ಲಿ ಚಿಕಿತ್ಸೆ ಪಡೆಯುವವರಿಗೆ 50 ಲಕ್ಷ ರೂಪಾಯಿವರೆಗೆ ನೆರವು ಸಿಗುವ ಏರ್ಪಾಡು ಅದರಡಿಯಲ್ಲಿ ಇದೆ. ಹಣದ ಮಾತು ಮುಖ್ಯವೇ. ಆದರೆ ತಗ್ಗಿಸುವ ಔಷಧವೇ ಇಲ್ಲದ ಕಾಯಿಲೆಗೆ 50 ಲಕ್ಷವನ್ನು ಯಾವ ಅಂಗಡಿಯಲ್ಲಿ ಕೊಡುವುದು? ಇಲ್ಲಿ ಮೊದಲು ಬೇಕಾದದ್ದು ಲೆಕ್ಕ. ಅದೂ ಒಮ್ಮೆ ಹೆಸರು ಬರೆಸಿ ಮುಗಿಸುವ ಲೆಕ್ಕವಾದರೆ ಪ್ರಯೋಜನವಿಲ್ಲ. ಎನ್‌ರೋಲ್-ಎಚ್‌ಡಿಯ ಬಲವಿರುವುದು ಅದೇ ವ್ಯಕ್ತಿ ಪ್ರತಿ ವರ್ಷ ಬರುವುದರಲ್ಲಿ, ಅದೇ ನಾಲಗೆ, ಅದೇ ಬೆರಳು, ಅದೇ ಹತ್ತು ಹೆಜ್ಜೆಯ ನಡಿಗೆಯನ್ನು ಅದೇ ಅಳತೆಯಲ್ಲಿ ಬರೆಯುವುದರಲ್ಲಿ, ಕಾಯಿಲೆ ಇನ್ನೂ ಕಾಣಿಸಿಕೊಳ್ಳದ ಮಕ್ಕಳೂ ಸೋದರರೂ ದೊಡ್ಡವರಾದ ಮೇಲೆ ತಾವಾಗಿ ಬಂದು ಸೇರುವುದರಲ್ಲಿ. ಅಲ್ಲಿ ಹೆಸರಿನ ಬದಲು ಸಂಕೇತ ಸಂಖ್ಯೆ ಇರುತ್ತದೆ. ತನ್ನ ವಂಶವಾಹಿಯ ಫಲಿತಾಂಶ ತಿಳಿಯಬೇಕೋ ಬೇಡವೋ ಎಂಬುದು ಭಾಗವಹಿಸುವವರ ಇಚ್ಛೆ. ನನ್ನ ಪತ್ನಿಗೆ ಈಗ ಅರವತ್ತಮೂರು, ಲಕ್ಷಣಗಳಿಲ್ಲ. ಪರೀಕ್ಷೆ ಬೇಡವೆಂದು ಅವಳು ಹೇಳಿದ್ದಾಳೆ, ಆ ಮಾತನ್ನು ನಾವು ಮನೆಯಲ್ಲಿ ಮತ್ತೆ ಎತ್ತುವುದಿಲ್ಲ. ಅಂಥವಳೂ ತನ್ನ ಫಲಿತಾಂಶ ತಿಳಿಯದೆಯೇ ಇಂಥ ಅಧ್ಯಯನಕ್ಕೆ ರಕ್ತ ಕೊಡಬಲ್ಲಳು.

ಜನ ಏಕೆ ಬರುವುದಿಲ್ಲ ಎಂದು ವೈದ್ಯರು ಬೇಸರಪಡುವುದನ್ನು ಕೇಳಿದ್ದೇನೆ. ಕಾರಣ ಅಜ್ಞಾನ ಎಂದುಕೊಂಡರೆ ಅದು ಅರ್ಧ ಸತ್ಯ. ಬಹಳ ಮಂದಿ ಬರದಿರುವುದು ಎಲ್ಲ ತಿಳಿದೇ. ಮನೆಗೆ ‘ನರದ ಕಾಯಿಲೆಯವರು’ ಎಂಬ ಹೆಸರು ಬಂದರೆ ಹೆಣ್ಣುಮಕ್ಕಳ ಮದುವೆ ನಿಲ್ಲುತ್ತದೆ. ಕೆಲಸದ ಜಾಗದಲ್ಲಿ ಗೊತ್ತಾದರೆ ಬಡ್ತಿ ನಿಲ್ಲುತ್ತದೆಂಬ ಭಯ. ಆನುವಂಶಿಕ ಕಾಯಿಲೆ ಎಂಬ ಒಂದೇ ಕಾರಣಕ್ಕೆ ಆರೋಗ್ಯ ವಿಮೆ ನಿರಾಕರಿಸುವುದು ತಾರತಮ್ಯವೆಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿತು, ವಿಮಾ ನಿಯಂತ್ರಣ ಪ್ರಾಧಿಕಾರವೂ ಅದೇ ವರ್ಷ ಕಂಪನಿಗಳಿಗೆ ಸೂಚನೆ ಕೊಟ್ಟಿತು. ಆದರೆ ಉದ್ಯೋಗ, ಜೀವವಿಮೆಗಳ ವಿಷಯದಲ್ಲಿ ವಂಶವಾಹಿಯ ಮಾಹಿತಿಯನ್ನು ಯಾರೂ ಕೇಳಬಾರದು, ಬಳಸಬಾರದು ಎನ್ನುವ ಪ್ರತ್ಯೇಕ ಕಾಯ್ದೆ ನಮ್ಮಲ್ಲಿ ಇಲ್ಲ. ಅಮೆರಿಕ 2008ರಲ್ಲೇ ಆರೋಗ್ಯ ವಿಮೆ ಮತ್ತು ಉದ್ಯೋಗದ ಮಟ್ಟಿಗೆ ಅಂಥದೊಂದು ಕಾಯ್ದೆ ಮಾಡಿಕೊಂಡಿತು. ನಮ್ಮ 2023ರ ಡಿಜಿಟಲ್ ದತ್ತಾಂಶ ರಕ್ಷಣಾ ಕಾಯ್ದೆ ವಂಶವಾಹಿಯ ಮಾಹಿತಿಯನ್ನು ಮೊಬೈಲ್ ನಂಬರಿನಂಥ ಇತರ ಮಾಹಿತಿಯಿಂದ ಬೇರೆಯಾಗಿ ಎಣಿಸುವುದೇ ಇಲ್ಲ. ಮೊಬೈಲ್ ನಂಬರನ್ನು ಬದಲಾಯಿಸಬಹುದು.

ಇನ್ನೊಂದು ಮಾತನ್ನು ಸಂಶೋಧಕರಿಗೇ ಹೇಳಬೇಕು. ಲೋಕಕ್ಕೆ ಈ ವಂಶವಾಹಿಯನ್ನು ಕೊಟ್ಟ ಮರಕೈಬೊ ದಡದ ಕುಟುಂಬಗಳು ಇಂದಿಗೂ ಕಡುಬಡವರು. ಅವರಿಗಾಗಿ 1999ರಲ್ಲಿ ತೆರೆದ ಆರೈಕೆ ಮನೆಯೂ ಮುಂದೆ ಬಾಗಿಲು ಹಾಕಿತು. 2017ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಇಂಥ ಕುಟುಂಬಗಳನ್ನು ವ್ಯಾಟಿಕನ್ನಿಗೆ ಕರೆಸಿ ಅಪ್ಪಿಕೊಂಡಾಗ ಜಗತ್ತು ಕಣ್ಣೀರು ಹಾಕಿತು. ಆದರೆ ರಕ್ತ ಕೊಟ್ಟವರ ಮಕ್ಕಳಿಗೆ ಔಷಧ ಬಂದಾಗ ಮೊದಲು ಸಿಗುತ್ತದೆ ಎಂದು ಬರೆದುಕೊಟ್ಟವರು ಯಾರೂ ಇಲ್ಲ. ಕರ್ನಾಟಕದಲ್ಲಿ ಜಾಲ ಕಟ್ಟುವವರು ಈ ಸಾಲವನ್ನು ನೆನಪಿಟ್ಟುಕೊಂಡು ಕಟ್ಟಬೇಕು. ತಪಾಸಣೆಗೆ ಬಂದವರಿಗೆ ಅದೇ ದಿನ ನುಂಗುವ ತೊಂದರೆಗೆ, ಬೀಳುವುದಕ್ಕೆ, ಮನಸ್ಸಿನ ಖಿನ್ನತೆಗೆ ಸಲಹೆ ಸಿಗಬೇಕು; ನೋಡಿಕೊಳ್ಳುವ ಹೆಂಡತಿ ಅಥವಾ ಗಂಡನನ್ನೂ ಒಬ್ಬರು ಕೂರಿಸಿ ಮಾತನಾಡಿಸಬೇಕು. ದೂರದ ಬೀದರ್, ಬಳ್ಳಾರಿಗಳಿಂದ ಬೆಂಗಳೂರಿಗೆ ಬರುವ ಬಸ್ ಚಾರ್ಜನ್ನಾದರೂ ಕೊಡಬೇಕು.

ಹಾಗಾಗಿ ನನ್ನ ಕೋರಿಕೆ ದೊಡ್ಡದೇನೂ ಅಲ್ಲ. ನಿಮ್ಹಾನ್ಸ್ ಮುಂದಾಳಾಗಿ, ರಾಜ್ಯದ ವೈದ್ಯಕೀಯ ಕಾಲೇಜುಗಳ ನರರೋಗ ವಿಭಾಗಗಳನ್ನು ಸೇರಿಸಿಕೊಂಡು, ಹಂಟಿಂಗ್ಟನ್ ಕುಟುಂಬಗಳ ವಾರ್ಷಿಕ ತಪಾಸಣೆಯನ್ನು ಅಂತರರಾಷ್ಟ್ರೀಯ ಅಳತೆಗೋಲಿನಲ್ಲೇ ಕನ್ನಡದಲ್ಲಿ ನಡೆಸಲಿ. ಒಂದು ಮನೆತನಕ್ಕೆ ಒಂದೇ ಸಂಕೇತ ಸಂಖ್ಯೆ ಇದ್ದು, ಯಾವ ಊರಿನಲ್ಲಿ ತೋರಿಸಿದರೂ ಅದೇ ವಂಶವೃಕ್ಷಕ್ಕೆ ಎಲೆ ಸೇರಲಿ. ಆ ದಾಖಲೆ ಹೊರದೇಶದ ಜಾಲಗಳ ಜತೆ ಹೊಂದುವಂತಿರಲಿ, ಆದರೆ ಕೀಲಿಕೈ ಇಲ್ಲಿಯೇ ಇರಲಿ. ಮುಂದೊಂದು ದಿನ ಔಷಧ ಪ್ರಯೋಗ ಇತ್ತ ಬಂದರೆ ನಮ್ಮವರು ಸಾಲಿನ ಕೊನೆಯಲ್ಲಿ ನಿಲ್ಲದಿರಲು ಇದೊಂದೇ ದಾರಿ. ಭಾವನಿಗೆ ಅದರಿಂದ ಏನೂ ಆಗದು. ಅವರು ಈಗ ಹಾಸಿಗೆ ಹಿಡಿದಿದ್ದಾರೆ, ಗಂಜಿಯನ್ನೂ ದಪ್ಪ ಮಾಡಿ ಚಮಚದಲ್ಲಿ ಕೊಡಬೇಕು.

ಸಂಪಾದಕರೇ, ಕುಟುಂಬಗಳು ಮುಂದೆ ಬರಬೇಕೆಂದು ಇಷ್ಟುದ್ದ ಬರೆದ ನಾನೇ ಕೊನೆಗೆ ಒಂದು ಬೇಡಿಕೆ ಇಡಬೇಕಾಗಿದೆ. ದಯವಿಟ್ಟು ನನ್ನ ಹೆಸರನ್ನೂ ಊರನ್ನೂ ಪ್ರಕಟಿಸಬೇಡಿ. ಭಾವನ ಕಿರಿಯ ಮಗಳಿಗೆ ಗಂಡು ನೋಡುತ್ತಿದ್ದಾರೆ. ಅವಳು ಇನ್ನೂ ಪರೀಕ್ಷೆ ಮಾಡಿಸಿಕೊಂಡಿಲ್ಲ; ಬರುವ ಹುಡುಗನಿಗೆ ತಾನೇ ಹೇಳುತ್ತೇನೆ, ಯಾವಾಗ ಹೇಳಬೇಕೆಂಬುದನ್ನು ನನಗೆ ಬಿಡಿ ಎಂದಿದ್ದಾಳೆ.

ತಮ್ಮ ವಿಶ್ವಾಸಿ,
ಓರ್ವ ಓದುಗ
(ಹೆಸರು, ವಿಳಾಸ ಪತ್ರದೊಂದಿಗೆ ಪ್ರತ್ಯೇಕವಾಗಿ ಲಗತ್ತಿಸಿದೆ)